ಏಳನೇ ನಂಬರಿನ ದೊಡ್ಡ ಅಕ್ಷರ

"ನಾನಲ್ಲ ಸಾರ್!"

ಪಟಾಕಿ ಕೂಗಿದ್ದು ಪಕ್ಕದ ತರಗತಿಗೂ ಕೇಳಿಸಿತು. ಮನೆಯಲ್ಲಿ ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

ಶಾಲೆಯ ಲ್ಯಾಬಿನ ಏಳನೇ ನಂಬರಿನ ಹಳೇ ಕಂಪ್ಯೂಟರಿನಲ್ಲಿ ಅಕ್ಷರಗಳು ಕುಂಬಳಕಾಯಿ ಹಾಗೆ ಊದಿಕೊಂಡಿದ್ದವು. ಸಾಲಿಗೆ ಎರಡೇ ಪದ!

"ನಿನ್ನೆ ಕೊನೆಗೆ ಕೂತಿದ್ದು ನೀನೇ ತಾನೆ?" ಕಂಪ್ಯೂಟರ್ ಮೇಷ್ಟ್ರು ರಿಜಿಸ್ಟರ್ ಎತ್ತಿ ಹಿಡಿದರು. ಕಂಪ್ಯೂಟರ್ ಬಿಟ್ಟು ಏಳುವಾಗ ಎಲ್ಲರೂ ಅದರಲ್ಲಿ ಸಹಿ ಹಾಕಬೇಕು. ಅವರೇ ಮಾಡಿದ ರೂಲು. ಕೊನೆಯ ಸಹಿ ಪಟಾಕಿಯದೇ.

"ಪರದೆಯ ಮೇಲಿರೋ ಸೆಟ್ಟಿಂಗ್ಸ್ ಪಟ್ಟಿ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಿದೀನಿ? ಬರೀ ಕಿತಾಪತಿ! ಈ ವಾರ ನೀನು ಕಂಪ್ಯೂಟರ್ ಮುಟ್ಟೋ ಹಾಗಿಲ್ಲ."

"ಸಾರ್, ನನ್ನ ಕತೆ ಅರ್ಧ ಟೈಪ್ ಆಗಿದೆ! ಶುಕ್ರವಾರ ಸ್ಕೂಲ್ ಮ್ಯಾಗಜೀನ್‌ಗೆ ಕೊಡಬೇಕು!"

"ಮುಂದಿನ ವರ್ಷ ಕೊಡು."

ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತು. ಊದಿದ ಅಕ್ಷರಗಳನ್ನು ಇನ್ನೊಬ್ಬ ಹುಡುಗ ಸರಿಮಾಡಿದ. ಪಟಾಕಿಗೆ ಮೈಯೆಲ್ಲ ಉರಿದುಹೋಯಿತು. ಮಾಡಿದವರು ಯಾರೋ, ಅನುಭವಿಸುವವಳು ಇವಳು! ಇದ್ಯಾವ ನ್ಯಾಯ?

ಸಂಜೆ ಬೆಲ್ ಹೊಡೆದ ಮೇಲೂ ಅವಳು ಮನೆಗೆ ಹೋಗಲಿಲ್ಲ. ಕಳ್ಳನನ್ನು ಹಿಡಿದೇ ತೀರಬೇಕೆಂದು ಲ್ಯಾಬ್ ಹೊರಗೆ, ಬಾಗಿಲಿನಿಂದ ಪರದೆ ಕಾಣುವ ಹಾಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ಕೂತಳು. ಸೊಳ್ಳೆ ಕಚ್ಚಿದರೂ ಜಗ್ಗಲಿಲ್ಲ.

ಕಳ್ಳ ಬಂದ. ಬಂದವರು ಮೇಷ್ಟ್ರೇ!

ಮಾರ್ಕ್ಸ್ ಹಾಳೆಗಳನ್ನು ಹರಡಿಕೊಂಡು ಏಳನೇ ನಂಬರಿನ ಮುಂದೆ ಕೂತರು. ಮೂಗು ಪರದೆಗೆ ತಾಗುವಷ್ಟು ಬಗ್ಗಿದರು. ಸೆಟ್ಟಿಂಗ್ಸ್ ಪಟ್ಟಿ ಎಳೆದು ದೊಡ್ಡ 'ಅ' ಒತ್ತಿದರು. ಇನ್ನೊಮ್ಮೆ. ಮತ್ತೊಮ್ಮೆ. ಅಕ್ಷರಗಳು ಕುಂಬಳಕಾಯಿಗಳಾದವು.

ಪಟಾಕಿ ಒಳಗೆ ನುಗ್ಗಿ ಸಿಡಿದೇಬಿಟ್ಟಳು.

"ಸಾರ್! ನೀವಾ? ನೀವು ಒತ್ತಿದ್ರೆ ಸೆಟ್ಟಿಂಗ್ಸು, ನಾವು ಒತ್ತಿದ್ರೆ ಕಿತಾಪತಿನಾ? ನೀವು ಸಹಿನೂ ಹಾಕಿಲ್ಲ!"

ಮೇಷ್ಟ್ರು ಬೆಚ್ಚಿ ತಿರುಗಿದರು. "ಆಫ್ ಮಾಡಿದ್ರೆ ತಾನಾಗೇ ಸರಿಹೋಗುತ್ತಲ್ಲಮ್ಮ. ಬೆಳಗ್ಗೆ ನೋಡಿದ್ರೆ... ರಿಜಿಸ್ಟರಲ್ಲಿ ಕೊನೆಗೆ ನಿನ್ನ ಸಹಿ ಇತ್ತು, ನೀನೇ ಒತ್ತಿದೆ ಅಂದ್ಕೊಂಡೆ."

"ಸರಿಹೋಗಲ್ಲ ಸಾರ್! ಈ ಹಳೇ ಡಬ್ಬ ಎಲ್ಲಾ ನೆನಪಿಟ್ಕೊಳ್ಳುತ್ತೆ. ಹೋಗೋವಾಗ ಚಿಕ್ಕ 'ಅ' ಒತ್ತಬೇಕು."

"ಚಿಕ್ಕದಾ? ಎಲ್ಲಿದೆ?"

"ಅಲ್ಲೇ ಇದೆಯಲ್ಲ, ದೊಡ್ಡದರ ಪಕ್ಕ!"

ಮೇಷ್ಟ್ರು ಕಣ್ಣು ಕಿರಿದು ಮಾಡಿದರು. ಮೌಸಿನ ಬಾಣದ ಗುರುತು ಚಿಕ್ಕ 'ಅ' ಮೇಲೇ ನಿಂತಿತ್ತು. ಅವರು ಇನ್ನೂ ಹುಡುಕುತ್ತಲೇ ಇದ್ದರು.

ಪಟಾಕಿ ಬಾಯಿ ತೆರೆದಳು. ಬೈಯಲು ಇನ್ನೂ ನಾಲ್ಕು ಮಾತು ಬಾಕಿಯಿತ್ತು. ಅದನ್ನು ಬಿಟ್ಟು ಅವಳು ಮೇಷ್ಟ್ರ ಕಣ್ಣುಗಳನ್ನೇ ನೋಡಿದಳು.

ಮೇಷ್ಟ್ರು ನಿಧಾನವಾಗಿ ರಿಜಿಸ್ಟರ್ ಎಳೆದುಕೊಂಡರು. ಬೆಳಗಿನ ಕೆಂಪು ಗೆರೆಯ ಪಕ್ಕ 'ತಪ್ಪು ನನ್ನದು' ಎಂದು ಬರೆದರು. ಕೆಳಗೆ ಸಹಿ ಹಾಕಿದರು. ಸಹಿ ಮೂರು ಸಾಲು ನುಂಗಿ, ಪಕ್ಕದ ಕಾಲಂಗೂ ನುಗ್ಗಿತು.

"ನಾಳೆ ಬಂದು ನಿನ್ನ ಕತೆ ಮುಗಿಸು," ಎಂದರು. ಆಮೇಲೆ ದನಿ ತಗ್ಗಿಸಿ, "ಈಗ ಆ ಚಿಕ್ಕದನ್ನ ಒತ್ತಿಬಿಡು," ಎಂದರು.

ಪಟಾಕಿ ಮಾರ್ಕ್ಸ್ ಹಾಳೆಗಳನ್ನು ನೋಡಿದಳು. ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು.

ಅವಳು ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಇರಲಿ ಸಾರ್. ನಿಮ್ಮ ಕೆಲಸ ಮುಗಿದ ಮೇಲೆ ಒತ್ತುತ್ತೀನಿ."