ಪೈಪಣ್ಣನ ಬೆಂದ ಕಾಳು

ಮೂವತ್ತು ವರ್ಷ ಊರಿನ ಮನೆಮನೆಗೆ ಗ್ಯಾಸ್ ಪೈಪು ಎಳೆದ ಮನುಷ್ಯನಿಗೆ, ಊಟದ ಮಧ್ಯೆ, ನೆಂಟರೆಲ್ಲರ ಎದುರು ಹೆಂಡತಿಯ ತಮ್ಮ ಹೇಳಿದ್ದ: "ಭಾವ, ನಿಮ್ಮ ಪೈಪುಗಳನ್ನ ಇನ್ಮೇಲೆ ಬಟ್ಟೆ ಒಣಗಿಸೋಕೆ ಇಟ್ಕೊಳ್ಳಿ." ಪೈಪಣ್ಣ ತುತ್ತು ನುಂಗಿದ, ಮಾತು ನುಂಗಲಿಲ್ಲ.

ಭಾವಮೈದ ಎಲೆಕ್ಟ್ರಿಷಿಯನ್. ಒಂದೊಂದೇ ಬೀದಿಯಲ್ಲಿ ಗ್ಯಾಸ್ ಒಲೆ ಕಿತ್ತು ಕರೆಂಟ್ ಒಲೆ, ಕರೆಂಟ್ ಹೀಟರ್ ಕೂರಿಸುವುದು ಅವನ ಕೆಲಸ. ಉಳಿದಿದ್ದದ್ದು ಪೈಪಣ್ಣನ ಬೀದಿಯೊಂದೇ. ಶನಿವಾರ ಹನ್ನೊಂದಕ್ಕೆ ಸಭಾಭವನದಲ್ಲಿ ಹೊಸ ಒಲೆ ಹೊತ್ತಿಸಿ ತೋರಿಸುತ್ತಾರೆ. ಜನ ಮೆಚ್ಚಿದರೆ ನಲವತ್ತು ಮನೆಯವರೂ ಅಲ್ಲೇ ಸಹಿ ಹಾಕುತ್ತಾರೆ. ಅಲ್ಲಿಗೆ ಪೈಪಣ್ಣನ ಕೆಲಸಕ್ಕೆ ಎಳ್ಳುನೀರು.

ಅವನ ಉಪಾಯ ಸರಳವಾಗಿತ್ತು. ಬುದ್ಧಿವಂತರು ಸಿಕ್ಕಿಬೀಳುವುದು ಉಪಾಯ ಉದ್ದವಾದಾಗ ಎಂಬುದು ಅವನ ಸಿದ್ಧಾಂತ. ಭವನದ ಹಿಂದಿನ ಕೋಣೆಯಲ್ಲಿ, ಬೀದಿಗೆಲ್ಲ ಗ್ಯಾಸ್ ಹೋಗುವ ಪೈಪಿನ ಪಕ್ಕದಲ್ಲೇ ಸ್ವಿಚ್‌ಬೋರ್ಡಿದೆ. ಮೇನ್ ಸ್ವಿಚ್ ಇಳಿಸಿ, ಒಲೆಯ ತಂತಿ ಕಳಚಿ, ಮತ್ತೆ ಮುಚ್ಚಳ ಹಾಕಿ ಸ್ವಿಚ್ ಏರಿಸಿದರೆ ಮುಗಿಯಿತು. ನೋಡಿದವರು ಭಾವಮೈದನ ಕೆಲಸವೇ ಕಳಪೆ ಅನ್ನುತ್ತಾರೆ.

ಆ ಹೊತ್ತಿಗೆ ತಾನೆಲ್ಲಿದ್ದೆ ಅನ್ನುವುದಕ್ಕೂ ಉತ್ತರ ಸಿದ್ಧವಾಗಿತ್ತು. ಶನಿವಾರ ಎಂಟಕ್ಕೆ ಹೆಂಡತಿ ಕೆಲಸಕ್ಕೆ ಹೋದದ್ದೇ ತಡ, ಕಾಳು ಬೇಯಿಸಿ, ಬಿಸಿ ಆರದಂತೆ ಪಾತ್ರೆಗೆ ಕಂಬಳಿ ಸುತ್ತಿಟ್ಟ. ಹತ್ತಕ್ಕೆ ಸರಿಯಾಗಿ ಪಕ್ಕದ ಮನೆಯ ಅಜ್ಜಿಗೆ ಕಿಟಕಿಯಿಂದ ಕೂಗಿ ಹೇಳಿದ: ಕಾಳು ಈಗಷ್ಟೇ ಒಲೆ ಮೇಲಿಟ್ಟಿದ್ದೇನೆ, ತಳ ಹಿಡಿದರೆ ಹೆಂಡತಿ ಸುಮ್ಮನಿರಲ್ಲ, ಇನ್ನೊಂದು ಗಂಟೆ ಅಲ್ಲಾಡುವ ಹಾಗಿಲ್ಲ. ತಮ್ಮ ಮನೆಯವರಿಗೆ ನೀರು ಕಾಯಿಸೋಕೂ ಬರುತ್ತಿರಲಿಲ್ಲ ಎಂದು ಅಜ್ಜಿ ಕೊರಗಿದರು. ಪೈಪಣ್ಣ ಹಿತ್ತಲ ಬಾಗಿಲಿಂದ ಹೋಗಿ, ಕೆಲಸ ಮುಗಿಸಿ, ಯಾರ ಕಣ್ಣಿಗೂ ಬೀಳದೆ ಕಾಲು ಗಂಟೆಯಲ್ಲಿ ವಾಪಸಾದ.

ಹನ್ನೊಂದಕ್ಕೆ ಭವನ ತುಂಬಿತ್ತು. ಒಲೆ ಮೇಲೆ ಹಾಲು ಇಟ್ಟಿದ್ದರು. ಹತ್ತು ನಿಮಿಷವಾದರೂ ಬಿಸಿಯಾದವನು ಭಾವಮೈದ ಮಾತ್ರ. ಪೈಪಣ್ಣ ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಗೆದ್ದ ಬಾಯಿ ಸುಮ್ಮನಿರಬೇಕಲ್ಲ. ಪಾತ್ರೆ ತಂದು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ.

"ಹತ್ತರಿಂದ ಹನ್ನೊಂದರ ತನಕ ನನ್ನ ಗ್ಯಾಸ್ ಒಲೆ ಮೇಲೆ ಬೆಂದದ್ದು. ಬೇಕಾದ್ರೆ ಅಜ್ಜೀನ ಕೇಳಿ."

"ಅದು ಹ್ಯಾಗಪ್ಪ?" ಅಂದರು ಅಜ್ಜಿ. "ಹತ್ತೂಕಾಲಿಂದ ನಮ್ಮ ಬೀದೀಲೇ ಗ್ಯಾಸಿಲ್ಲ. ನನ್ನ ಅನ್ನ ಅರ್ಧ ಬೆಂದು ಕೂತಿದೆ." ಹೌದು ಹೌದು ಎಂದು ಹೆಂಗಸರೆಲ್ಲ ಎದ್ದರು. ಅದೇ ದೂರಿಗೆ ಬಂದಿದ್ದ ಗ್ಯಾಸ್ ಕಚೇರಿಯ ಸಾಹೇಬರು ಹಿಂದಿನ ಕೋಣೆಯಿಂದ ಹೊರಬಂದು ಪೈಪಣ್ಣನ ಕೈಗೊಂದು ಚೀಟಿ ಕೊಟ್ಟರು. ತಂತಿ ಮುಟ್ಟುವ ಮುಂಚೆ ಪಕ್ಕದ ಗ್ಯಾಸ್ ವಾಲ್ವ್ ಮುಚ್ಚಬೇಕು, ಮುಚ್ಚಿದ ವಾಲ್ವಿಗೆ ಚೀಟಿ ಕಟ್ಟಬೇಕು ಅನ್ನುವುದು ಗ್ಯಾಸ್ ಕೆಲಸದ ನಿಯಮ. ಮೂವತ್ತು ವರ್ಷದ ಅಭ್ಯಾಸ, ಅವನನ್ನು ಕೇಳದೆಯೇ ಅವನ ಕೈ ಎರಡನ್ನೂ ಮಾಡಿ ಮುಗಿಸಿತ್ತು. ಚೀಟಿಯ ಮೇಲೆ ದುಂಡು ಅಕ್ಷರ: ಮುಚ್ಚಿದ ಸಮಯ, ಹತ್ತು ಗಂಟೆ ಹತ್ತು ನಿಮಿಷ. ಕಾರಣ, ಒಲೆಯ ತಂತಿ ಕಳಚುವುದು. ಕೆಳಗೆ ಅವನದೇ ಸಹಿ.