ಕಡಲಿಗೆ ಚೀಟಿ ಬರೆದವನು

ಬಲು ಹಿಂದೆ, ಹಾವು ಹುಲಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಶಂಖಾವತಿ ಎಂಬ ಕಡಲತಡಿಯ ರಾಜ್ಯವಿತ್ತು. ಅಲ್ಲಿಯ ಬೆಸ್ತರಿಗೆ ಒಂದು ಪದ್ಧತಿ. ದೋಣಿ ಇಳಿಸುವ ಮುನ್ನ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಾಯೀ, ಇಳೀಲಾ?" ಎಂದು ಕೇಳುವುದು. ಅಲೆಯೊಂದು ಬಂದು ಪಾದ ತೊಳೆದರೆ ಅಪ್ಪಣೆಯಾಯಿತು ಎಂದರ್ಥ.

ಒಂದು ದಿನ ಪಡುವಣದಿಂದ ಬಿಳಿ ಹಾಯಿಯ ಹಡಗಿನಲ್ಲಿ ಒಬ್ಬ ಮಂತ್ರವಾದಿ ಬಂದ. ಬಂದವನು ಯಾರನ್ನೂ ಏನನ್ನೂ ಕೇಳಲಿಲ್ಲ. ದಡದಲ್ಲಿ ಕಲ್ಲುಕಂಬ ನೆಟ್ಟು ಡಂಗುರ ಹೊಡೆಸಿದ: "ಇಂದಿನಿಂದ ಈ ಕಡಲು ನಮ್ಮ ದೊರೆಯದು. ಯಾವನೇ ಆಗಲಿ, ನನ್ನ ಮುದ್ರೆಯ ಚೀಟಿ ಇಲ್ಲದೆ ನೀರಿಗಿಳಿಯಕೂಡದು." ಆ ದೊರೆ ಈ ಕಡಲನ್ನು ಕನಸಿನಲ್ಲೂ ಕಂಡವನಲ್ಲ! ಉಂಡ ಮನೆಯ ಜಂತೆ ಎಣಿಸುವವರನ್ನು ನಾವು ಕಂಡಿದ್ದೇವೆ. ಇವನು ಎಲೆ ಹಾಕುವ ಮೊದಲೇ ಮನೆಯೇ ತನ್ನದೆಂದ.

ಚೀಟಿ ನೋಡಲು ಅವನು ಕಬ್ಬಿಣದ ತಿಮಿಂಗಿಲವೊಂದನ್ನು ನೀರಿಗೆ ಬಿಟ್ಟ. ಹೇಳಿದಷ್ಟು ಮಾಡುವುದು ಬಿಟ್ಟರೆ ಅದಕ್ಕೆ ಬೇರೇನೂ ತಿಳಿಯದು. ಚೀಟಿ ಇಲ್ಲದವರ ಮೇಲೆ ಅದು ಉಸಿರು ಬಿಟ್ಟರೆ ಸಾಕು, ಅವರು ಉಪ್ಪಿನ ಬೊಂಬೆಯಾಗುತ್ತಿದ್ದರು.

ಅಕ್ಕಣಿ ಎಂಬ ಬೆಸ್ತರ ಹುಡುಗಿಯ ತಂದೆ ನಡುನೀರಿನಲ್ಲಿ ಸಿಕ್ಕಿಬಿದ್ದ. "ಈಗಲೇ ಒಂದು ಚೀಟಿ ಕೊಡಿ ಒಡೆಯಾ" ಎಂದು ದಡದಲ್ಲಿದ್ದ ಮಂತ್ರವಾದಿಯನ್ನು ಕೂಗಿ ಬೇಡಿದ.

"ಚೀಟಿ ನೆಲದ ಮೇಲೆ ಮಾತ್ರ. ನೀರಿಗಿಳಿದ ಮೇಲೆ ಇಲ್ಲ" ಎಂದು ಮಂತ್ರವಾದಿ ನಕ್ಕ.

ತಂದೆ ಉಪ್ಪಾದ. ಊರಿಗೆಲ್ಲ ಹೆದರಿಕೆಯಾಗಲೆಂದು ಅವನನ್ನು ಕಲ್ಲುಕಂಬದ ಬುಡದಲ್ಲಿ ನಿಲ್ಲಿಸಿದರು. ಮುಂಗಾರಿಗೆ ಉಳಿದದ್ದು ಮೂರೇ ದಿನ. ಮೊದಲ ಮಳೆಗೇ ಅವನು ಕರಗಿಹೋಗುತ್ತಿದ್ದ.

ಅಕ್ಕಣಿ ಕೆಂಡಾಮಂಡಲವಾಗಿ ಮಂತ್ರವಾದಿಯ ಎದುರು ನಿಂತಳು. "ನಮ್ಮ ಕಡಲಿಗೆ ನಿನ್ನ ಚೀಟಿ ಎಂತಕ್ಕೆ? ನನ್ನ ಅಪ್ಪಯ್ಯನ್ನ ಬಿಡು!"

"ಏಳು ಹೆಡೆಯ ಹಾವು ಕಾಯುವ ಕರಿಮೆಣಸು ತಾ. ಬಿಡುತ್ತೇನೆ."

ಅಕ್ಕಣಿ ಕಾಡಿಗೆ ಹೋದಳು. "ಹಾವಣ್ಣಾ, ಒಂದು ಗೊಂಚಲು ಕೊಯ್ಯಲಾ?" ಎಂದಳು.

"ಅವನ ಆಳುಗಳು ಕತ್ತಿ ತಂದರು. ನೀನು ಕೇಳಿದೆ. ಕೊಯ್ಯಿ" ಎಂದಿತು ಹಾವು.

ಮೆಣಸು ಕಿಸೆಗೆ ಸೇರಿಸಿ ಮಂತ್ರವಾದಿ, "ಸಾಲದು. ಬೆಂಕಿಹುಲಿ ಮಲಗುವ ಮರದ ಗಂಧ ತಾ" ಎಂದ.

ಎರಡನೆಯ ದಿನ ಅಕ್ಕಣಿ ಬೆಟ್ಟ ಹತ್ತಿದಳು. "ಹುಲಿಯಪ್ಪಾ, ಒಂದು ಕೊಂಬೆ ಮುರಿಯಲಾ?"

"ಕೇಳಿದವರಿಗೆ ಇಲ್ಲವೆನ್ನೆ" ಎಂದು ಹುಲಿ ಮಗ್ಗುಲಾಯಿತು.

ಗಂಧವನ್ನೂ ನುಂಗಿ ನೀರು ಕುಡಿದ ಆ ಮಾತುಗೇಡಿ. "ಸಾಲದು. ಕಡಲಾಳದ ಬಲಮುರಿ ಶಂಖ ತಾ" ಎಂದು ನೀರಿಗಿಳಿಯಲು ಒಂದು ಚೀಟಿ ಬರೆದು ಎಸೆದ.

ಮೂರನೆಯ ದಿನ, ಆಕಾಶ ಕಪ್ಪಾಗಿತ್ತು. ದಡದಲ್ಲಿ ಮುದಿ ಪಾದ್ರಿಯೊಬ್ಬ ಕೂತಿದ್ದ. ಅದೇ ಹಡಗಿನಲ್ಲಿ ಬಂದವನು, ಆದರೆ ಬೆಸ್ತರ ಜೊತೆ ಉಂಡು ಅವರ ಮಾತು ಕಲಿತವನು. ಅಕ್ಕಣಿ ಅವನಿಂದ ಚೀಟಿ ಓದಿಸಿದಳು. ಡಂಗುರದ ಮಾತೇ ಅದರಲ್ಲಿತ್ತು: "ಯಾವನೇ ಆಗಲಿ, ಚೀಟಿ ಇಲ್ಲದೆ ನೀರಿಗಿಳಿಯಕೂಡದು."

"ಹಾಗಾದರೆ ಆ ಮಂತ್ರವಾದಿಯ ಹತ್ತಿರ ಚೀಟಿ ಉಂಟಾ, ಪಾದ್ರಿಗಳೇ?"

"ಇಲ್ಲ ಮಗಳೇ. ಅವನನ್ನು ಕೇಳುವವರು ಯಾರು?" ಮುದುಕ ತಲೆ ತಗ್ಗಿಸಿದ. "ನಾನು ದೇವರ ಮಾತು ಹೇಳಲು ಬಂದೆ. ಇಂಥವನ ಹಡಗು ಹತ್ತಿದೆನಲ್ಲ, ಅದೇ ನಾಚಿಕೆ."

ಅಕ್ಕಣಿ ನೀರು ಮುಟ್ಟಿ, "ತಾಯೀ, ಇಳೀಲಾ?" ಎಂದಳು. ಅಲೆ ಪಾದ ತೊಳೆಯಿತು. ದೋಣಿ ನಡೆಸಿ ಹೋಗಿ ಅವಳು ಮುಳುಗಿದ ಕಡೆ ಶಂಖ ತಾನಾಗಿ ಕೈಗೆ ಬಂತು. ಆದರೆ ಅವಳು ದಡಕ್ಕೆ ಬರಲಿಲ್ಲ. ನಡುನೀರಿನಲ್ಲಿ ದೋಣಿ ನಿಲ್ಲಿಸಿ ಶಂಖ ಎತ್ತಿ ತೋರಿಸಿದಳು. ಆಸೆಬುರುಕನಿಗೆ ತಡೆಯಲಾಗಲಿಲ್ಲ, ಹಡಗು ಹತ್ತಿ ಬಂದೇಬಿಟ್ಟ.

ಅಕ್ಕಣಿ ಶಂಖ ಊದಿದಳು. ತಿಮಿಂಗಿಲ ಮೇಲೆದ್ದಿತು. "ಇಕೋ ನನ್ನ ಚೀಟಿ. ಈಗ ಅವನದು ಕೇಳು!"

ಅದುವರೆಗೆ ಅದಕ್ಕೆ ಹಾಗೆ ಹೇಳಿದವರೇ ಇರಲಿಲ್ಲ. "ಚೀಟಿ ಎಲ್ಲಿ?" ಎಂದಿತು.

"ಮೂರ್ಖ! ಚೀಟಿ ಕೊಡುವವನೇ ನಾನು!"

"ಚೀಟಿ ಎಲ್ಲಿ?"

ಮಂತ್ರವಾದಿ ಬೆವರುತ್ತ ಕಾಗದಕ್ಕೆ ತಡಕಾಡಿದ. "ತಾಳು, ಈಗಲೇ ಬರೆಯುತ್ತೇನೆ."

"ನೀರಿಗಿಳಿದ ಮೇಲೆ ಇಲ್ಲ" ಎಂದು ತಿಮಿಂಗಿಲ ಉಸಿರು ಬಿಟ್ಟಿತು.

ಅವನು ಉಪ್ಪಾದ ಗಳಿಗೆಯಲ್ಲೇ ಅವನ ಮಂತ್ರವೆಲ್ಲ ಬಿಟ್ಟುಹೋಯಿತು. ತಿಮಿಂಗಿಲ ತುಕ್ಕಾಗಿ ಮುಳುಗಿತು. ಅವನೊಬ್ಬನ ಹೊರತು ಬೊಂಬೆಗಳೆಲ್ಲ ಮನುಷ್ಯರಾದರು. ಮುಂಗಾರಿನ ಮೊದಲ ಹನಿ ಬಿದ್ದಾಗ ಅಪ್ಪಯ್ಯ ತಲೆ ಒರೆಸಿಕೊಂಡು, "ಅಕ್ಕಣೀ, ಬಲೆ ಒಳಗಿಡು" ಎಂದ. ಹಡಗಿನ ಮೇಲಿದ್ದ ಉಪ್ಪು ಸಂಜೆಗೆ ಹೇಳಹೆಸರಿಲ್ಲದಂತೆ ಕರಗಿತು.

ಊರವರು ಕಲ್ಲುಕಂಬ ಕಿತ್ತು ಮೀನು ಕೊಯ್ಯುವ ಕಲ್ಲು ಮಾಡಿಕೊಂಡು ಹೊಟ್ಟೆತುಂಬ ಉಂಡು ಸುಖವಾಗಿದ್ದರು. ಮಳೆ ಮುಗಿದು ದೋಣಿ ಇಳಿಸುವ ದಿನ ಪಾದ್ರಿಯೂ ಬಂದ. ಬಗ್ಗಿ ನೀರು ಮುಟ್ಟಿ, "ತಾಯೀ, ಇಳೀಲಾ?" ಎಂದು ಕೇಳಿದ. ಅಲೆ ಬಂದು ಅವನ ಪಾದವನ್ನೂ ತೊಳೆಯಿತು.