ರಬಕವಿಯ ಕೆಂಪು ಗುರುತು

"ಹನ್ನೊಂದು ಸಾವಿರದ ನಾನೂರು ಹೆಜ್ಜಿ! ಮೊಣಕಾಲಿನ ಕೀಲು ಬದಲಿಸಿ ಇವತ್ತಿಗೆ ಬರೇ ಹನ್ನೆರಡು ದಿನ... ಆ ಮುದುಕಿನ್ನ ಇಷ್ಟು ನಡಸೀರಲ್ಲ, ನಿಮಗ ಕರುಳು ಐತೋ ಇಲ್ಲೋ?"

ಮಗ್ಗಗಳ ಖಟಖಟ ಸದ್ದನ್ನೂ ಮೀರಿಸಿ ಕೂಗಿದಳು ಸೌಂದರ್ಯಾ.

ನಾಲ್ಕು ಪಾವರ್‌ಲೂಮ್‌ಗಳ ನಡುವೆ ನಿಂತಿದ್ದ ಯುವಕ ತಿರುಗಿ ನೋಡಿದ. ಕೂದಲ ತುಂಬ ಹತ್ತಿಯ ನವಿರು, ಕೈಯಲ್ಲಿ ದಾರ ಸುತ್ತಿದ ಕಂಡಕಿ. ಏನೂ ಕೇಳಿಸಿರಲಿಲ್ಲ ಅವನಿಗೆ. ಒಂದೊಂದೇ ಮಗ್ಗ ನಿಲ್ಲಿಸಿದ. ನಾಲ್ಕನೆಯದು ನಿಂತಾಗ ಅವಳ ಕೂಗಿನ ಕೊನೆಯ ತುಂಡು ಮಾತ್ರ ಮನೆತುಂಬ ಕೇಳಿತು.

"...ಕಟುಕರು!"

"ಯಾರ್ರೀ ನೀವು?" ಅಂದ ಅವನು, ಅಷ್ಟೇ ಸಾವಕಾಶವಾಗಿ.

"ಜಮಖಂಡಿ ದವಾಖಾನಿಯಿಂದ ಬಂದೇನಿ. ಫಿಜಿಯೋಥೆರಪಿಸ್ಟ್. ಎಲ್ಲಿ ಅದಾರ ತಂಗೆವ್ವಾರು?"

ಅವನು ಒಳಗೆ ಕೈ ತೋರಿಸಿದ. ನಡುಮನೆಯ ಮಂಚದ ಮೇಲೆ, ಬಲಗಾಲಿಗೆ ದಿಂಬು ಕೊಟ್ಟುಕೊಂಡು ತಂಗೆವ್ವ ಬಳ್ಳೊಳ್ಳಿ ಸುಲಿಯುತ್ತ ಕುಳಿತಿದ್ದಳು.

"ಯವ್ವಾ, ಬಚ್ಚಲಕ್ಕ ಹೋಗಿ ಬರೂದ್ರಾಗ ನನಗ ಸಾಕಾಗತೈತಿ. ಹನ್ನೊಂದು ಸಾವಿರ ಹೆಜ್ಜಿ ಎಲ್ಲಿಂದ ತರ್ಲಿ?"

ಸೌಂದರ್ಯಾ ತಬ್ಬಿಬ್ಬಾದಳು. ಮತ್ತೆ ಆ ಲೆಕ್ಕ ಯಾರದು...?

ಆಸ್ಪತ್ರೆಯ ಆ್ಯಪ್ ಹೆಜ್ಜೆ ಎಣಿಸುತ್ತಿತ್ತು. ಎಷ್ಟು ನೋವು, ಎಲ್ಲಿ ಬಾವು ಅಂತ ದಿನಾ ಕೇಳುತ್ತಿತ್ತು. ಎಲ್ಲ ಸರಿ ಇದ್ದರೆ ಹಸಿರು ಗುರುತು, ಹೆಚ್ಚುಕಡಿಮೆ ಆದರೆ ಕೆಂಪು. ಕೆಂಪು ಬಂದವರ ಮನೆಗೆ ಸೌಂದರ್ಯಾ ಸ್ಕೂಟಿ ಹತ್ತಿ ಹೋಗಬೇಕು. ಬೀಳಗಿಯಿಂದ ಬಂದು ಜಮಖಂಡಿಯಲ್ಲಿ ಕೋಣೆ ಮಾಡಿಕೊಂಡಿದ್ದ ಅವಳಿಗೆ ಈ ಕೆಲಸ ಪಂಚಪ್ರಾಣ.

"ಆ್ಯಪ್ ಹಾಕಿದ ಫೋನ್ ಎಲ್ಲೈತಿ?"

ಅವನು ಅಂಗಿ ಕಿಸೆಯಿಂದ ಫೋನ್ ತೆಗೆದ. "ಇದರಾಗ ಹಾಕಿ ಕೊಟ್ಟಾರಲ್ರಿ. ದಿನಾ ನನ್ನ ಕಿಸೇದಾಗ ಇರತೈತಿ. ನಾ ಮಗ್ಗದಿಂದ ಮಗ್ಗಕ್ಕ ಅಡ್ಡಾಡಕೋತ ಇರತೀನಿ..."

ಅಯ್ಯೋ! ಇಷ್ಟು ದಿನ ತಾನು ಎಣಿಸಿದ್ದು ಇವನ ಹೆಜ್ಜೆಗಳನ್ನಾ?

"ನನ್ನ ಮೊಣಕಾಲು ಹೆಂಗದಾವ್ರಿ ಮೇಡಂ?" ಅಂತ ಅವನು ಕೇಳಿದಾಗ ಅವಳ ಕಿವಿ ಕೆಂಪಾದವು. ತಂಗೆವ್ವ ಮಗನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು, ಮತ್ತೆ ಬಳ್ಳೊಳ್ಳಿ ಸುಲಿಯತೊಡಗಿದಳು.

ಅವನ ಹೆಸರು ಗೌರೀಶ. ಅವತ್ತೇ ಹಳೆಯ ಫೋನೊಂದನ್ನು ಹುಡುಕಿ, ಆ್ಯಪ್ ಹಾಕಿಸಿಕೊಂಡು, ಅವ್ವನ ಸೊಂಟದ ಚೀಲಕ್ಕೆ ಸೇರಿಸಿದ.

ಒಂದು ವಾರ ಹಸಿರೇ ಹಸಿರು. ಸೌಂದರ್ಯಾ ಖುಷಿಪಡಬೇಕಿತ್ತು. ಆದರೆ ದಿನಾ ಮುಂಜಾನೆ ರೋಗಿಗಳ ಪಟ್ಟಿ ತೆರೆದಾಗ ರಬಕವಿಯ ತಂಗೆವ್ವನ ಹೆಸರಿನ ಮುಂದೆ ಹಸಿರು ಕಂಡು ಏನೋ ಕಳಕೊಂಡ ಹಾಗೆ ಆಗುತ್ತಿತ್ತು. ಯಾಕೆ ಅಂತ ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಬರುತ್ತಿತ್ತಲ್ಲ!

ಆಪರೇಷನ್ ಆದ ಇಪ್ಪತ್ತೊಂದನೆಯ ದಿನ ಕೆಂಪು ಬಂತು. ಹೆಜ್ಜೆ, ಬರೀ ಎಂಬತ್ತಾರು.

ಅವಳು ಓಡಿದಳು. ಕಾಲು ಮಡಿಸಿ ನೋಡಿದಳು. ಛಲೋ ಮಡಚುತ್ತಿತ್ತು! ದಿನವಿಡೀ ಮಲಗಿದವರ ಮೊಣಕಾಲು ಹೀಗೆ ಮಡಚುವುದುಂಟೆ?

"ನಡ್ಯಾಕ ಹೆದರಿಕಿ ಆಗತೈತೆವ್ವ. ನೀ ಬಂದು ಕೈ ಹಿಡಕೊಂಡ್ರ ಧೈರ್ಯ ಬರತೈತಿ," ಅಂದಳು ತಂಗೆವ್ವ.

ಅದಾದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕೆಂಪು. ಅವಳು ಬಂದಾಗೆಲ್ಲ ಗೌರೀಶ ಮಗ್ಗ ನಿಲ್ಲಿಸಿ, ತಾಯಿಯ ಇನ್ನೊಂದು ಕೈ ಹಿಡಿಯುತ್ತಿದ್ದ. ಓಣಿಯ ತುದಿಯವರೆಗೆ ಮೂವರ ನಡಿಗೆ. ತಂಗೆವ್ವ ನಡುವೆ ಸುಮ್ಮನೆ ನಡೆಯುತ್ತಿದ್ದಳು, ಅವಳ ತಲೆಯ ಮೇಲಿಂದ ಇವರಿಬ್ಬರ ಮಾತು.

"ಮಗ್ಗ ನಡದಾಗ ನಿಮಗ ಹೊರಗಿನ ಸದ್ದು ಏನರ ಕೇಳಸತೈತೇನು?"

"ಮೊದಲೆಲ್ಲ ಏನೂ ಕೇಳಸ್ತಿದ್ದಿಲ್ರಿ... ಈಗೀಗ ಓಣ್ಯಾಗ ಸ್ಕೂಟಿ ಬಂದ್ರ ಕೇಳಸತೈತಿ."

ಅವಳು ತಿರುಗಿ ಅವನನ್ನು ನೋಡಿದಳು. ಅವನು ಕೂಡಲೇ ಬೇರೆ ಮಾತು ತೆಗೆದ.

ಮೂವತ್ತಾರನೆಯ ದಿನ ಮುಂಜಾನೆ ಪಟ್ಟಿಯಲ್ಲಿ ಎರಡು ಕೆಂಪು. ಒಂದು ತಿಮ್ಮಾಪುರದ ಹುಲೆಪ್ಪಜ್ಜನದು, ಇನ್ನೊಂದು ರಬಕವಿಯದು. ಅವಳು ರಬಕವಿಯ ಹಾದಿ ಹಿಡಿದಳು.

ಬಾಗಿಲಲ್ಲೇ ಪಕ್ಕದ ಮನೆಯ ಸೋಮವ್ವ ಸಿಕ್ಕಳು.

"ಬಾ ತಂಗಿ. ನಮ್ಮ ತಂಗೆವ್ವನ ಕಾಲು ಭಾರೀ ಛಲೋ ಮಾಡಿ ನೋಡು! ನಿನ್ನೆ ಗುಡಿ ಮಟಾ ನಡದು, ನಮ್ಮನ್ಯಾಗ ಚಾ ಕುಡದು ಹೋದಳು. ನನಗಿಂತ ಜೋರು ನಡೀತಾಳ!"

ನಿನ್ನೆ ಎಷ್ಟು ಹೆಜ್ಜೆ? ಆ್ಯಪ್ ಎಪ್ಪತ್ತು ಅನ್ನುತ್ತಿತ್ತು.

ಅವಳು ಒಳಗೆ ಕಾಲಿಡುವುದಕ್ಕೂ ಫೋನ್ ರಿಂಗಾಗುವುದಕ್ಕೂ ಸರಿಹೋಯಿತು. ಡಾಕ್ಟರು.

"ಸೌಂದರ್ಯಾ, ಹುಲೆಪ್ಪನ ಮೀನಖಂಡ ಬಾತು ಬಿಗಿದೈತಿ. ರಕ್ತ ಹೆಪ್ಪುಗಟ್ಟೈತಿ. ಅವರ ಮಗಳು ಗಾಡಿ ಮಾಡಿಕೊಂಡು ಕರಕೊಂಡು ಬಂದಳು, ಅದಕ್ಕ ಜೀವ ಉಳೀತು. ಮುಂಜಾನಿಯಿಂದ ಕೆಂಪು ತೋರಸಾಕತ್ತೈತಿ. ನೀ ಎಲ್ಲಿದ್ದಿ?"

ಅವಳು ಫೋನ್ ಇಟ್ಟಳು. ಗೌರೀಶ ಮಗ್ಗ ನಿಲ್ಲಿಸಿ ನಗುತ್ತ ಎದುರಿಗೆ ಬಂದ. ಆ ನಗು ಕಂಡದ್ದೇ ಅವಳ ಸಿಟ್ಟು ನೆತ್ತಿಗೇರಿತು.

"ಅವ್ವಾರ ಫೋನ್ ನೋಡಿಕೊಳ್ಳಾವ್ರು ನೀವು. ಅವ್ವಾರು ಊರೆಲ್ಲ ಅಡ್ಡಾಡತಾರ, ಆ್ಯಪ್‌ನ್ಯಾಗ ಎಪ್ಪತ್ತು ಹೆಜ್ಜಿ! ನನ್ನ ಕರಸಾಕ ಈ ಆಟ ಹೂಡೀರೇನು? ಅಲ್ಲಿ ಒಬ್ಬ ಮುದುಕ ಸಾಯೂ ಹಂಗಾಗಿದ್ದ... ನಾ ಇಲ್ಲಿ ನಿಮ್ಮ ಸುಳ್ಳು ಕೆಂಪಿಗೆ ಓಡಿ ಬಂದೇನಿ!"

ಅವನ ನಗು ಇಂಗಿತು. ಏನೊಂದೂ ಅರ್ಥವಾಗದೆ ತಾಯಿಯ ಕಡೆ ನೋಡಿದ. ಮಂಚದ ಮೇಲೆ ತಂಗೆವ್ವ ತಲೆ ತಗ್ಗಿಸಿ ಕುಳಿತಿದ್ದಳು. ಅವಳ ದಿಂಬಿನ ಕೆಳಗಿನಿಂದ ಆ ಹಳೆಯ ಫೋನಿನ ಅಂಚು ಇಣುಕುತ್ತಿತ್ತು. ಸೌಂದರ್ಯಾ ಅದನ್ನು ನೋಡಲಿಲ್ಲ. ಗೌರೀಶ ನೋಡಿದ.

ತಂಗೆವ್ವ ಬಾಯಿ ತೆರೆಯುವ ಮೊದಲೇ ಅವನು ಅಂದ, "ಹೌದ್ರಿ. ನಾನ ಮಾಡೀನಿ. ತಪ್ಪಾತು."

ಇಲ್ಲ ಅನ್ನಬಾರದಿತ್ತೆ ಅವನು? ಒಂದು ಸಲ ಇಲ್ಲ ಅಂದಿದ್ದರೆ ಸಾಕಿತ್ತು, ಅವಳು ನಂಬಲು ತಯಾರಿದ್ದಳು! ಜಮಖಂಡಿಗೆ ಹೋಗುವ ದಾರಿಯುದ್ದಕ್ಕೂ ಕಬ್ಬಿನ ಹೊಲಗಳು ಅವಳ ಕಣ್ಣಿಗೆ ಮಂಜಾಗಿ ಕಂಡವು.

ಅಂದಿನಿಂದ ರಬಕವಿ ದಿನಾ ಹಸಿರು. ಅವಳು ಆ ಹೆಸರನ್ನು ಬೇಗ ಬೇಗ ದಾಟಿ ಮುಂದೆ ಹೋಗುತ್ತಿದ್ದಳು.

ಆರು ವಾರದ ತಪಾಸಣೆಗೆ ತಂಗೆವ್ವ ಆಸ್ಪತ್ರೆಗೆ ಬಂದಳು. ಕೋಲಿಲ್ಲದೆ, ತಾನೇ ಮೆಟ್ಟಿಲು ಹತ್ತಿ. ಗೌರೀಶ ಹೊರಗೇ ನಿಂತ.

ಮೊಣಕಾಲು ಅಳೆಯುತ್ತಿದ್ದ ಸೌಂದರ್ಯಾಳ ಕೈಯನ್ನು ತಂಗೆವ್ವ ಗಟ್ಟಿಯಾಗಿ ಹಿಡಿದಳು.

"ಮೊದಲ ನನಗ ಬೈಯವ್ವ. ನನಗ ಅಕ್ಷರ ಬರೂದಿಲ್ಲ, ಆದ್ರ ಬಣ್ಣ ಬರತೈತಿ. ಹುಟ್ಟಿದಾಗಿಂದ ಸೀರಿ ನೇದಾಕಿ ನಾ. ಕೆಂಪು ಬಂದ್ರ ನೀ ಬರ್ತಿ, ನೀ ಬಂದ್ರ ನನ್ನ ಮಗ ಮಗ್ಗ ನಿಲ್ಲಸ್ತಾನ. ಯಾರ ಸಲುವಾಗೂ ನಿಲ್ಲಿಸಿದಾಂವ ಅಲ್ಲ ಅಂವ! ಫೋನ್ ದಿಂಬಿನ ಕೆಳಗ ಇಟ್ಟು ನಾ ಅಡ್ಡಾಡ್ತಿದ್ದೆ. ಇದರಾಗ ಬ್ಯಾರೆಯವರ ಜೀವ ಐತಿ ಅಂತ ಖರೇನ ತಿಳೀಲಿಲ್ಲ ನನಗ..."

"ಅವರು ಯಾಕ ತಮ್ಮ ಮ್ಯಾಲ ಹಾಕ್ಕೊಂಡ್ರು?"

"ಅದನ್ನ ಅವನ್ನ ಕೇಳು. ನನಗೂ ಹೇಳವಲ್ಲ. ಅರ್ಧಾ ರೊಟ್ಟಿ ತಿಂದು ಮಗ್ಗದ ಮುಂದ ಹೋಗಿ ನಿಂದರತಾನ."

ಸೌಂದರ್ಯಾ ಹೊರಗೆ ಬಂದಳು. ಅಂಗಳದ ಬಿಸಿಲಲ್ಲಿ, ಬೈಕಿನ ಪಕ್ಕ, ಗೌರೀಶ ಬೂಟಿನ ತುದಿಯಿಂದ ಮಣ್ಣು ಕೆದರುತ್ತ ನಿಂತಿದ್ದ. ಸೊರಗಿದ್ದ.

"ಯಾಕ ಸುಳ್ಳು ಹೇಳಿದ್ರಿ?"

"ಅವ್ವಗ ನೀವು ಬೈಯೂದು ಬ್ಯಾಡ ಅನಸ್ತು."

"ಅಷ್ಟನ?"



"ಅಷ್ಟ ಅಲ್ರಿ... ಕೆಂಪು ಬಂದ್ರ ಅವ್ವಗ ಏನಾತೋ ಅಂತ ಮೊದಲ ಹೆದರಬೇಕಿತ್ತು ನಾ. ಮಗ ಅಲ್ಲೇನ್ರಿ? ಆದ್ರ ಮೊದಲ ಖುಷಿ ಆಗತಿತ್ತು, ನೀವು ಬರ್ತೀರಿ ಅಂತ. ಹೆದರಿಕಿ ಆಮ್ಯಾಲ ಬರತಿತ್ತು. ಅಂಥಾಂವ ನಂದೇನ ತಪ್ಪಿಲ್ಲ ಅಂತ ಹೆಂಗ ಹೇಳ್ಲಿ?"

ಅವಳ ಕಣ್ಣು ತುಂಬಿ ಬಂದವು. ಇಷ್ಟು ದಿನ ಎದೆಯಲ್ಲಿ ಕಲ್ಲಾಗಿ ಕೂತದ್ದನ್ನು ಈಗ ಹೇಳಲೇಬೇಕಿತ್ತು.

"ಅವತ್ತು ಮುಂಜಾನೆ ಎರಡು ಕೆಂಪು ಇದ್ವು ಗೌರೀಶ ಅವರ. ಹುಲೆಪ್ಪಜ್ಜಾರದು ತೆರದ ಸುದ್ದಾ ನೋಡ್ಲಿಲ್ಲ ನಾ. ನೋಡಿದ್ರ ಕಾಲು ಬಾತೈತಿ ಅಂತ ಅಲ್ಲೇ ಇತ್ತು. ನಿಮ್ಮದು ಕಂಡ ಕೂಡ್ಲೆ ಗಾಡಿ ಹತ್ತಿದೆ. ಬೈಸಿಕೋಬೇಕಾದಾಕಿ ನಾ. ಅದನ್ನ ಬಿಟ್ಟು ನಿಮಗ ಬೈದೆ."

ಅವನು ಸಮಾಧಾನದ ಮಾತು ಆಡಲಿಲ್ಲ. ಅದೇ ಅವಳಿಗೆ ಹಿಡಿಸಿತು.

"ಡಾಕ್ಟರಿಗೆ ಹೇಳೀರಿ?" ಅಂದ.

"ನಿನ್ನೆ ಎಲ್ಲ ಹೇಳಿದೆ. ಇನ್ನ ಮ್ಯಾಲ ಮನಿಗೆ ಹೋಗೂ ಕೆಲಸ ಬ್ಯಾರೆಯವರಿಗೆ. ನನ್ನ ಕೆಲಸ ದವಾಖಾನಿ ಒಳಗ ಅಷ್ಟ."

"ಹಂಗಾದ್ರ... ಇನ್ನ ರಬಕವಿಗೆ ಬರೂದಿಲ್ರಿ ನೀವು?"

ಅವನ ದನಿಯಲ್ಲಿ ಎಂಥ ನೋವಿತ್ತೋ! ಸೌಂದರ್ಯಾ ಕಣ್ಣೊರೆಸಿಕೊಂಡು ತಲೆ ಎತ್ತಿದಳು.

"ಕೆಲಸದ ಮ್ಯಾಲ ಬರೂದಿಲ್ಲ. ಐತವಾರ ನನಗ ಸೂಟಿ ಇರತೈತಿ."

ಅವನು ಮಣ್ಣು ಕೆದರುವುದನ್ನು ನಿಲ್ಲಿಸಿದ.

"ಮೊದಲ ತಿಮ್ಮಾಪುರಕ್ಕ ಹೋಗತೀನಿ. ಹುಲೆಪ್ಪಜ್ಜಾರ ಮುಂದ ನಿಂತು ತಪ್ಪು ಒಪ್ಪಿಕೋಬೇಕು. ಒಬ್ಬಾಕೀಗೆ ಧೈರ್ಯ ಸಾಲವಲ್ದು," ಅಂದಳು.

"ನಾ ಬರ್ಲೇನ್ರಿ ಜೋಡಿ?"

"ಬರ್ರಿ."

"ಅಲ್ಲಿ ಅಜ್ಜಾರು ನಾ ಯಾರು ಅಂತ ಕೇಳಿದ್ರ?"

ಅವಳ ಕೆನ್ನೆಯ ಮೇಲೆ ಇನ್ನೂ ಕಣ್ಣೀರಿತ್ತು, ತುಟಿಯಲ್ಲಿ ನಗು.

"ನನ್ನ ಮದುವಿ ಆಗಾಂವ ಅಂತ ಹೇಳ್ತೀನಿ... ಆಗತೈತೇನು?"

ಅವನು ಕೈ ಮುಂದೆ ಚಾಚಿದ, ನೂಲಿನ ಗಾಯಗಳಿದ್ದ ಆ ಕೈಯೊಳಗೆ ಅವಳು ತನ್ನ ಕೈ ಇಟ್ಟಳು.

"ಆಗತೈತ್ರಿ," ಅಂದ ಗೌರೀಶ.